ಬ್ಯಾಚ್ ಸಂಖ್ಯೆ

ಗೋಣಿಕೊಪ್ಪಲಿನಲ್ಲಿ, ಸೈಕಲ್ ಅಂಗಡಿಯ ಮೇಲೆ ನನ್ನ ಪ್ರೆಸ್ಸು.
ಮದುವೆ ಕಾಗದ, ತಿಥಿ ಕಾಗದ, ಹಾಕಿ ಪಂದ್ಯದ ಕರಪತ್ರ,
ಸೊಸೈಟಿಯ ರಸೀದಿ ಪುಸ್ತಕ.
ಮೂವತ್ತೊಂದು ವರ್ಷ ಇಷ್ಟೇ ಅಚ್ಚು ಹಾಕಿದ್ದೇನೆ.

ಮೊನ್ನೆ ಬಿರುನಾಣಿ ಕಡೆಯಿಂದ ದೇಚವ್ವ ಬಂದರು,
ಚೀಲದಲ್ಲಿ ರಮ್ಮಿನ ಹಳೆ ಬಾಟಲಿ, ಅದರೊಳಗೆ
ನನ್ನ ಶಾಯಿಯೂ ನಾಚುವಂಥ ಕಪ್ಪು.
"ಉಸ್ಮಾನ್, ಇದಕ್ಕೊಂದು ಲೇಬಲ್ ಬೇಕು.
ಲೇಬಲ್ ಇಲ್ಲದ ಕಾಚಂಪುಳಿ
ಮಡಿಕೇರಿ ಅಂಗಡಿಯವ ಇನ್ನು ಮುಟ್ಟೋದಿಲ್ಲವಂತೆ."

ನಮೂನೆ ತೆಗೆದೆ.
ಪದಾರ್ಥಗಳು?
"ಪಣಪುಳಿ."
ಮತ್ತೆ?
"ಮತ್ತೆ ಬೆಂಕಿ. ಬೆಂಕಿಯನ್ನು ಬರೀತಾರಾ?"
ಬಳಸಬಹುದಾದ ಕೊನೆಯ ದಿನ?
ಕನ್ನಡಕ ಒರೆಸಿಕೊಂಡರು.
"ನಮ್ಮತ್ತೆ ಕಾಯಿಸಿದ ಒಂದು ಸೀಸೆ ಅಟ್ಟದಲ್ಲಿದೆ.
ಅತ್ತೆ ಹೋದರು, ಅತ್ತೆಯ ಸಿಟ್ಟೂ ಹೋಯಿತು,
ಹುಳಿ ಹೋಗಿಲ್ಲ."

ತಯಾರಕರು?
ಇಲ್ಲಿ ತಡೆದರು. ಕಿಟಕಿಯಿಂದ ಬಗ್ಗಿ
ಕೆಳಗೆ ಜೀಪಿನಲ್ಲಿ ಕೂತವಳನ್ನು ಕರೆದರು.
ಪೊಣ್ಣಿ ಬಂದಳು, ಮೆಟ್ಟಿಲಲ್ಲೇ ಚಪ್ಪಲಿ ಬಿಟ್ಟು.
ನನ್ನ ಪ್ರೆಸ್ಸಿಗೆ ಈವರೆಗೆ ಯಾರೂ ಹಾಗೆ ಬಂದಿಲ್ಲ.
"ಮರ ನನ್ನದು," ಅಂದರು ದೇಚವ್ವ, "ಕೈ ಇವಳದ್ದು."

ಆಮೇಲೆ ಇಬ್ಬರೂ ಹೇಳಿದರು,
ಒಬ್ಬರ ಬಾಯಿಂದ ಒಬ್ಬರು ಮಾತು ಕಿತ್ತುಕೊಳ್ಳುತ್ತ:
ಕಕ್ಕಡದಲ್ಲಿ ಹಣ್ಣು ತಾನಾಗಿ ಬೀಳಬೇಕು, ಕೊಯ್ಯಬಾರದು.
ಜಿಗಣೆಗಿಂತ ಮೊದಲು ಮರದಡಿ ತಲುಪಬೇಕು.
ಇಲ್ಲ, ಜಿಗಣೆ ಹೇಗೂ ಮೊದಲೇ ಇರುತ್ತದೆ.
ಬೀಜ ಬಿಡಿಸಿ, ಬಿದಿರ ಬುಟ್ಟಿಗೆ ತುಂಬಿ, ಕೆಳಗೆ ಪಾತ್ರೆ ಇಟ್ಟರೆ
ಕೊಳೆತು ಕರಗಿ ತೊಟ್ಟು ತೊಟ್ಟಾಗಿ ಇಳಿಯುತ್ತದೆ,
ನಾಲ್ಕು ದಿನವೋ, ಐದು ದಿನವೋ;
ಅವಸರಕ್ಕೆ ಹಿಂಡಿದರೆ ಪೊಣ್ಣಿ ಬೈಯುತ್ತಾಳೆ, ಒಡತಿಯನ್ನೂ.
ಮಣ್ಣಿನ ಮಡಕೆ. ಕಿತ್ತ ಕಾಫಿ ಗಿಡದ ಬೊಡ್ಡೆ ಸೌದೆ.
ಮೊದಲು ನೊರೆ, ಆಮೇಲೆ ಜೇನಿನ ಬಣ್ಣ, ಆಮೇಲೆ ಚಹಾದ್ದು,
ಆಮೇಲೆ ಬಣ್ಣದ ಮಾತೇ ಮುಗಿಯುತ್ತದೆ.

ಇಳಿಸುವುದು ಯಾವಾಗ?
ಪೊಣ್ಣಿ ಕೈಯನ್ನು ಕಿವಿಗೆ ತಂದಳು.
"ಸದ್ದು ದಪ್ಪ ಆಗ್ತದೆ."

ನಿನ್ನ ಹೆಸರೂ ಹಾಕೋಣವಾ, ಎಂದೆ.
"ಬೇಡ. ಯಾರದ್ದಾದರೂ ಹೊಟ್ಟೆ ಕೆಟ್ಟರೆ
ಹಾಡಿ ತನಕ ಹುಡುಕಿಕೊಂಡು ಬರ್ತಾರೆ."
ದೇಚವ್ವ ನಕ್ಕರು, ನಾನೂ ನಕ್ಕೆ.
ಪೊಣ್ಣಿ ನಗಲಿಲ್ಲ.

ಉಳಿದದ್ದು ಬ್ಯಾಚ್ ಸಂಖ್ಯೆ.
ಒಂದು, ಎರಡು, ಮೂರು ಎಂದು ಹಾಕಿದರಾಯಿತು, ಅಂದೆ.
ಆಗುವುದಿಲ್ಲವಂತೆ. ಮಡಕೆಗಳಿಗೆ ಆಗಲೇ ಹೆಸರಿದೆಯಂತೆ,
ಒಲೆಯ ಮುಂದೆ ಒಬ್ಬಳೇ ಕೂತಾಗ ಇಟ್ಟದ್ದು:

ಆನೆ ಬೇಲಿ ಮುರಿದ ದಿನದ್ದು.
ಹನ್ನೊಂದು ದಿನದ ಮೇಲೆ ಕರೆಂಟು ಬಂದ ರಾತ್ರಿಯದ್ದು.
ಮೊಮ್ಮಗಳ ಹಲ್ಲು ಬಿದ್ದದ್ದು.
ಸೌದೆ ಹಸಿಯಾಗಿ ಕಣ್ಣು ಉರಿದದ್ದು.
ಕೂಲಿ ಜಾಸ್ತಿ ಮಾಡಿ ಎಂದು ಕೇಳಿದ ದಿನದ್ದು.

ದೇಚವ್ವ ಗೋಡೆಯ ಕ್ಯಾಲೆಂಡರ್ ನೋಡಿದರು,
ಅದು ಹೋದ ವರ್ಷದ್ದು.
"ಅದನ್ನೂ ಹಾಕಿಸ್ತೀಯಾ?"
"ಅವತ್ತೇ ಕಾಯಿಸಿದ್ದಲ್ವಾ ಅವ್ವ."
ಕೆಳಗೆ ಯಾರೋ ಚಕ್ರ ತಿರುಗಿಸಿ ಕಡ್ಡಿ ನೆಟ್ಟಗೆ ಮಾಡುತ್ತಿದ್ದರು.
ಅದು ನಿಂತ ಮೇಲೆ ದೇಚವ್ವ
ನನ್ನ ಕಡೆ ತಿರುಗಿ, "ಹಾಕು," ಅಂದರು.

ಆರನೆಯ ಮಡಕೆ?
ಪೊಣ್ಣಿ ತುಂಬ ಹೊತ್ತು ಅಚ್ಚಿನ ಯಂತ್ರವನ್ನೇ ನೋಡಿದಳು.
"ಅದಕ್ಕೆ ಜಾಗ ಬಿಡಿ."
ಬಿಟ್ಟೆ. ಬ್ಯಾಚ್ ಸಂಖ್ಯೆ, ಎರಡು ಚುಕ್ಕಿ,
ಆಮೇಲೆ ಬರೀ ಬಿಳಿ.

ಮಡಿಕೇರಿಯಿಂದ ಫೋನು ಬಂತು: ಇದೆಂಥ ಬ್ಯಾಚು ಮಾರಾಯ,
ಇನ್‌ಸ್ಪೆಕ್ಟರ್ ಬಂದರೆ ನಾನೇನು ಹೇಳಲಿ?
ಆನೆ ಬಂದದ್ದು ನಿಜ ಅಂತ ಹೇಳು, ಅಂದೆ.
ವಾರದ ಮೇಲೆ ಅವನೇ ಮತ್ತೆ ಫೋನು ಮಾಡಿದ:
ಕರೆಂಟು ಬಂದದ್ದು ಖಾಲಿ, ಇನ್ನು ಹತ್ತು ಸೀಸೆ ಇದೆಯಾ?

ಅಚ್ಚಿನ ಕೂಲಿಯ ಜೊತೆ ನನಗೂ ಒಂದು ಸೀಸೆ ಕೊಟ್ಟಿದ್ದರು.
ನಮ್ಮಲ್ಲಿ ಹಂದಿ ಇಲ್ಲ; ಸುಬೈದಾ
ಮತ್ತಿ ಮೀನಿನ ಸಾರಿಗೆ ಒಂದು ಚಮಚ ಬಿಟ್ಟಳು.
ಮೊದಲ ತುತ್ತಿಗೇ ಹುಳಿ
ದವಡೆ ದಾಟಿ ಕಿವಿಯ ಬುಡ ಹಿಡಿಯಿತು,
ಹಿಡಿದದ್ದು ಬಿಡಲಿಲ್ಲ.

ಅವಳು ಸೀಸೆ ಎತ್ತಿ ಬೆಳಕಿಗೆ ಹಿಡಿದಳು.
"ಇಲ್ಲಿ ಏನೂ ಇಲ್ಲವಲ್ಲ. ಅಚ್ಚಿನ ತಪ್ಪಾ?"
ಅಲ್ಲ, ಅಂದೆ.
ಅನ್ನ ಬಡಿಸು.