ಬ್ಯಾರನ್ನಿನ ಬಾಗಿಲುಗಂಬ

ಪಿರಿಯಾಪಟ್ಟಣದಿಂದ ಆಚೆ ಎಂಟು ಮೈಲಿ,
ಕೆಮ್ಮಣ್ಣಿನ ದಿಬ್ಬದ ಮೇಲೆ ನಮ್ಮ ಬ್ಯಾರನ್ನು.
ಕಿಟಕಿಯಿಲ್ಲದ ಎತ್ತರದ ಮನೆ,
ಮನುಷ್ಯರು ಮಲಗಲೆಂದು ಕಟ್ಟಿದ್ದಲ್ಲ.

ಲೈಸೆನ್ಸು ವಾಪಸು ಕೊಟ್ಟು ಆರು ವರ್ಷ.
ಹೆಂಚು ಮೊದಲು ಹೋಯಿತು, ಒಲೆಯ ಬಾಯಿಗೆ ಜೇಡ ಬಂತು,
ತಗಡಿನ ಪೈಪನ್ನು ಗುಜರಿಯವನು
ಈರುಳ್ಳಿ ಕೊಟ್ಟು ಒಯ್ದ.

ಇವತ್ತು ಮರದ ಸರದಿ.
ಹುಣಸೂರಿನ ಖಲೀಲ್ ಸಾಬರು ಟೇಪು ಹಿಡಿದು
ತೊಲೆಗಳನ್ನು ಒಂದೊಂದಾಗಿ ತಟ್ಟಿ ಕಿವಿಗೊಟ್ಟರು,
ಹಲಸಿನಹಣ್ಣು ನೋಡುವವರ ಹಾಗೆ.
'ಹೊನ್ನೆ. ಇದು ಮತ್ತಿ. ಇದು ಲೆಕ್ಕಕ್ಕಿಲ್ಲ.
ಮೂವತ್ತು ವರ್ಷ ಬೆಂದ ಮರ ಸ್ವಾಮಿ, ಹುಳ ಮುಟ್ಟಲ್ಲ,
ರೆಸಾರ್ಟಿನವರು ಹುಡುಕ್ತಾರೆ.'

ಎಷ್ಟು ಮರ ತಿಂದಿತ್ತು ಇದು!
ಆಗಸ್ಟಿನ ಜಡಿಮಳೆಯಲ್ಲೂ ಲೋಡು ಲೋಡು ನೀಲಗಿರಿ,
ಆಮೇಲೆ ಸಿಲ್ವರು, ಆಮೇಲೆ ಬೇಲಿಯ ಹೊಂಗೆ,
ಒಂದು ವರ್ಷ ಮುರಿದ ಗಾಡಿಯ ಮೂಕಿ ಕೂಡ.
ಅರ್ಧರಾತ್ರಿ ಅಜ್ಜ ಟಾರ್ಚು ಬಿಟ್ಟು
ಅಂಗೈಯಗಲದ ಗಾಜಿನ ಕಿಂಡಿಯಲ್ಲಿ ಪಾದರಸ ಓದುತ್ತಿದ್ದ,
ಜ್ವರದ ಮಗುವಿನ ಹತ್ತಿರ ಕೂತ ಹಾಗೆ;
ನಾನು ಬೂದಿಯಲ್ಲಿ ಗೆಣಸು ಹೂತು ಕಾಯುತ್ತಿದ್ದೆ.
ಹಸಿರು ಹಳದಿಯಾಗುವ ವಾಸನೆ,
ಒಣಹುಲ್ಲೂ ಅಲ್ಲ, ಬೆಲ್ಲವೂ ಅಲ್ಲ.
ಈಗ ಗೋಡೆಗೆ ಮೂಗಿಟ್ಟರೆ ಬಾವಲಿ.

ಬಾಗಿಲುಗಂಬ ಕಿತ್ತು ಬಿಸಿಲಿಗೆ ಮಲಗಿಸಿದಾಗ
ಕಂಡವು ಕುಡುಗೋಲ ಗೀರು:
ನಾಲ್ಕು ನಿಂತವು, ಮೇಲೊಂದು ಅಡ್ಡ,
ಮೊಣಕಾಲಿನಿಂದ ಹೆಗಲವರೆಗೆ.
ಸೊಪ್ಪು ಕಟ್ಟುವ ಜವರಾಜಮ್ಮನ ಗುಂಪಿನ ಲೆಕ್ಕ, ಕಡೇ ಸಲದ್ದು.
ಐದೈದು ಕೂಡಿಸಿದೆ: ಐನೂರ ಇಪ್ಪತ್ತು ಕಡ್ಡಿ.
ಮನೆಗೆ ಹೋಗಿ ಅಜ್ಜನ ಪುಸ್ತಕ ತೆಗೆದೆ:
ಐನೂರು.

'ಗೀರು ಬಿದ್ದದ್ದಕ್ಕೆ ರೇಟು ಬರಲ್ಲ,' ಅಂದರು ಸಾಬರು, 'ಬಿಟ್ಬಿಡಿ.'

ಸಂಜೆ ಅದನ್ನು ಹೊತ್ತು ಕೆಳಗಿನ ಬೀದಿಗೆ ಹೋದೆ.
ಜವರಾಜಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.
ಅಂಟಿಗೆ ಕಪ್ಪಾಗಿ ಮುದ್ದೆಯನ್ನೂ ಕಹಿಯಾಗಿಸುತ್ತಿದ್ದ ಆ ಬೆರಳು
ಈಗ ಸುಮ್ಮನೆ ಬಿಳಿಚಿವೆ.
ಗೀರುಗಳ ಮೇಲೆ ಹೆಬ್ಬೆರಳು ಆಡಿಸಿದಳು, ನೋಡದೆ,
ಕೊನೆಯ ಅಡ್ಡಗೀರಿನ ಹತ್ತಿರ ನಿಲ್ಲಿಸಿದಳು.
'ಇಪ್ಪತ್ತು ಕಡ್ಡಿ. ನಿಮ್ಮಜ್ಜಂಗೆ ಅವತ್ತೇ ಅಂದಿದ್ದೆ.'

ದುಡ್ಡಿಗೆಂದು ಜೇಬಿಗೆ ಕೈ ಹಾಕಿದೆ.
ಅವಳು ಕಂಬದ ತೂಕ ನೋಡುತ್ತಿದ್ದಳು.
'ಮತ್ತಿ ಅಲ್ವಾ? ನಾಕು ದಿನ ನೀರು ಕಾಯುತ್ತೆ.
ಹಂಡೆ ಒಲೆ ಹತ್ರ ಇಡು, ಮಗ.
ಕೊಡಲಿ ಬಾಗಿಲ ಹಿಂದೈತೆ.'