ಗಾಜಿನ ಬೆನ್ನು

ಬೆಟಗೇರಿಯ ನಮ್ಮ ಕಾಕಾ, ಮೌನಪ್ಪ ಚಿತ್ರಗಾರ,
ಗಾಜಿನ ಬೆನ್ನಿಗೆ ಬರೀತಿದ್ದ.
ಮೂಗುತಿ ಮೊದಲು, ಮೂಗು ಆಮ್ಯಾಲ.
ಕರೇ ಬೊಟ್ಟು ಒಣಗಿದ ಮ್ಯಾಲ ಕಣ್ಣು.
ಮುಗಿಲು ಎಲ್ಲಾದಕ್ಕಿಂತ ಕಡೀಕ.
ತಪ್ಪಿದರ ಮುಚ್ಚಾಕ ಬರಂಗಿಲ್ಲ,
ತಪ್ಪೇ ಎಲ್ಲಾರಕಿಂತ ಮುಂದ ನಿಂತಿರತೈತಿ.

ಈಗ ನನ್ನ ಅಂಗಡ್ಯಾಗ ಚೀನಾದ ಮಶೀನು.
ಏಳು ನಿಮಿಷಕ್ಕೊಂದು ಬನಶಂಕರಿ.
ಹಿಂದುಮುಂದು ಮಾಡಾಕ ಒಂದು ಗುಂಡಿ ಐತಿ, ಒತ್ತಿದರ ಆತು.
ಕಾಕಾ ಬರತಾನ, ಸ್ಟೂಲಿನ ಮ್ಯಾಲ ಕುಂದರತಾನ,
ತಪಕೀರ ಏರಸತಾನ.
ಏನೂ ಅನ್ನಂಗಿಲ್ಲ.

ನಿನ್ನೆ ಫೋನಿನ್ಯಾಗ ತೋರಿಸಿದೆ:
ಅಲ್ಲೊಬ್ಬ ಚೀನಾದ ಮುದುಕ,
ಹೆಬ್ಬೆರಳಿನಷ್ಟ ತಪಕೀರದ ಸೀಸೆಯೊಳಗ
ಸೊಟ್ಟ ಕುಂಚ ಇಳಿಸಿ
ಒಳಗಿನ ಗ್ವಾಡಿಗೆ ಬಿದಿರು, ಗುಬ್ಬಿ ಬರೀತಿದ್ದ.
ಬಾಜೂಕ ಮೊಮ್ಮಗಳು,
ಅಕೀ ಸೀಸೆಯಾಗ ಮೆಟ್ರೋ ರೈಲು.
ಮುದುಕ ಅತ್ತ ನೋಡಲಿಲ್ಲ,
ಬಣ್ಣದ ಬಟ್ಟಲ ಮಾತ್ರ ಆಕೀ ಕಡೆ ಸರಿಸಿದ.

ಕಾಕಾ ಫೋನು ತಿರುವಿ ಅದರ ಬೆನ್ನು ನೋಡಿದ,
ಚಾಳೀಸು ಒರಸಿಕೊಂಡ.
"ಇಂವಾ ಯಾವ ಊರಿನ ಚಿತ್ರಗಾರರಂವ?"
ನಾ ಊರಿನ ಹೆಸರು ಓದಾಕ ಹೋಗಿ ನಾಲಿಗಿ ತೊಡರಿತು.
"ಇರಲಿ ಬಿಡು," ಅಂದ, "ಕೈ ಗುರ್ತ ಸಿಕ್ಕತು."

ಇವತ್ತು ಮುಂಜಾನೆ ಕೌಂಟರಿನ ಮ್ಯಾಲ
ತೊಳೆದ ಕೆಮ್ಮಿನ ಔಷಧದ ಬಾಟ್ಲಿ.
ಒಳಗ ಒಂದು ಮೂಗುತಿ.

ಮೂಗು ಇನ್ನೂ ಇಲ್ಲ.