ಹೆಸರು ತಪ್ಪಿದ್ದಕ್ಕೆ ಒಂದು ಅಂಕ

ರಾತ್ರಿ ಎರಡೂಕಾಲಿಗೆ ಆಟೋದಿಂದ ಇಳಿಸಿದರು.
ಅಂಗಾತ ಮಲಗಲೊಲ್ಲ, ಮೊಣಕಾಲು ಎದೆಗೊತ್ತಿ
ಮಷೀನಿನ ಮುಂದೆ ಕೂತವನಂತೆಯೇ ಬಗ್ಗಿ ಕೂತಿದ್ದ
ಗಾದಿಲಿಂಗಪ್ಪ, ಜೀನ್ಸ್ ಹೊಲಿಯುವವನು.
ಉಗುರಿನ ನೀಲಿ ಕಂಡು ಹೌಸ್ ಸರ್ಜನ್ ಫರ್ಹೀನ್ ಗಾಬರಿಯಾದಳು.
ಉಸಿರಿನದ್ದಲ್ಲ ಡಾಕ್ಟ್ರೇ, ಬಟ್ಟೆಯ ಬಣ್ಣ ಅದು,
ಬಳ್ಳಾರಿಗೆ ಹೊಸಬರು ನೀವು, ಅಂದೆ.

"ಹೊಟ್ಟ್ಯಾಗ ಹೊಕ್ಕು ಬೆನ್ನಾಗ ಹೊರಬೀಳತೈತೆ" ಅಂದ.
ದಬ್ಬಣದ ಲೆಕ್ಕ.

ಕುಡೀತಾನಾ? ಎಲ್ಲರೂ ಕೇಳಿದರು, ಗೇಟಿನ ವಾಚ್‌ಮನ್ ಕೂಡ.
ಹುಲಿಗೆಮ್ಮ ತಾಳಿ ಹಿಡಿದು ಹೇಳಿದಳು: ಚಾ ಬಿಟ್ಟರೆ ಏನಿಲ್ಲ.
ಯಾರೂ ನಂಬಲಿಲ್ಲ.
ನಾನೂ.

ಲೈಪೇಸ್ ಮೂರು ಪಟ್ಟು ಮೀರಿದರೆ ಸಾಕಿತ್ತು,
ಹತ್ತು ಪಟ್ಟು ಮೀರಿತ್ತು.
ಹಾಗಂತ ರೋಗ ಹತ್ತು ಪಟ್ಟು ಅಂತಲ್ಲ.
ಆ ಅಂಕಿ ರೋಗದ ಹೆಸರು ಹೇಳುತ್ತದೆ,
ಹಣೆಬರಹ ಹೇಳುವುದಿಲ್ಲ.

ಬೆಳಿಗ್ಗೆ ಸ್ಕ್ಯಾನಿನಲ್ಲಿ ಸಿಕ್ಕಿತು ಪಿತ್ತಕೋಶದ ಕಲ್ಲು,
ಸಜ್ಜೆ ಕಾಳಿನಷ್ಟು.
ಕಿಟಕಿಯಾಚೆ ಊರಿಗೂರೇ ಆತುಕೊಂಡ ಒಂದೇ ಬಂಡೆಯ ಬೆಟ್ಟ,
ಯಾರ ಹೊಟ್ಟೆಯನ್ನೂ ನೋಯಿಸದೆ ನಿಂತಿತ್ತು.
ಹುಲಿಗೆಮ್ಮನಿಗೆ ತಿಳಿಸಿ ಹೇಳಿದೆ:
ಉಂಡದ್ದು ಕರಗಿಸೋ ರಸ ಇದು, ಬಾಗಿಲಿಗೆ ಕಲ್ಲು ಬಿದ್ದರೆ
ಮನೆಯವರನ್ನೇ ಕರಗಿಸತೈತೆ.
"ಸೂಜಿ ಬಟ್ಟೆ ಬಿಟ್ಟು ಬಳ್ಳು ಹೊಲದಂಗ" ಅಂದಳು.
ಆಮೇಲೆ, ಮೆಲ್ಲಗೆ: "ಕುಡದಿಲ್ಲ ಅಂದಿದ್ನಲ್ಲ."

ಐದು ಪ್ರಶ್ನೆಗೆ ಐದು ಅಂಕ,
ಕಡಿಮೆ ಬಂದವರು ಪಾಸಾಗುವ ಪರೀಕ್ಷೆ.
ರಕ್ತದ ಯೂರಿಯಾ, ನಾಡಿ-ಉಸಿರಿನ ಓಟ, ಪುಪ್ಪುಸದ ಸುತ್ತ ನೀರು,
ಬುದ್ಧಿ ನೆಟ್ಟಗಿದೆಯೇ, ಅರವತ್ತು ದಾಟಿತೇ.
"ಯುದ್ಧ ನಡದಾಗ ಹುಟ್ಟ್ಯಾನ ಅಂತಿದ್ಲು ನಮ್ಮತ್ತಿ."
ಯಾವ ಯುದ್ಧ? ಅರವತ್ತೈದಾ, ಎಪ್ಪತ್ತೊಂದಾ?
"ಅದನ್ನ ಕೇಳೂಕೆ ಆಕಿ ಇಲ್ಲ."
ಆಧಾರದಲ್ಲಿ ಎಲ್ಲರಂತೆ ಜನವರಿ ಒಂದು.
ಫರ್ಹೀನ್ ಆ ಅಂಕವನ್ನು ಪೆನ್ಸಿಲಿನಲ್ಲಿ ಬರೆದಳು.

ಇದಕ್ಕೆಂದೇ ಒಂದು ಔಷಧಿ ಇಲ್ಲ.
ಭಾವಮೈದುನ ಕೇಳಿದ ಪವರಿನ ಇಂಜೆಕ್ಷನ್ನೂ ಬೇಕಿಲ್ಲ.
ನೋವಿಗೊಂದು ಸೂಜಿ, ಅಳೆದು ಬಿಡುವ ರಿಂಗರ್,
ತಾಸಿಗೊಮ್ಮೆ ಮೂತ್ರದ ಚೀಲ ನೋಡುವ ಕಣ್ಣು.
ಮೊದಲ ಎರಡು ದಿನ ನಂಬಬೇಡಿ ಅಂತಾರೆ ದೊಡ್ಡ ಡಾಕ್ಟರು,
ನಗುವ ರೋಗಿಯನ್ನಂತೂ ನಂಬಲೇಬೇಡಿ.

ಎರಡನೇ ರಾತ್ರಿ ನಗುತ್ತ ಬಂದಳು ಹುಲಿಗೆಮ್ಮ:
"ನನ್ನ ಸುಂಕಮ್ಮ ಅಂತ ಕರದ ಸಿಸ್ಟರ್,
ಅವರಕ್ಕನ ಹೆಸರು, ಸತ್ತು ಹನ್ನೊಂದು ವರ್ಷ ಆತು."
ನಾನು ನಗಲಿಲ್ಲ.
ಚೀಲದಲ್ಲಿ ನಾಲ್ಕು ತಾಸಿಗೆ ಒಂದು ಚಾ ಲೋಟ ಕೂಡ ಇರಲಿಲ್ಲ.
ಫೋನ್ ಮಾಡಿದೆ. ಬುದ್ಧಿಯ ಕಾಲಮ್ಮಿಗೆ
ಈ ಸಲ ಪೆನ್ನಿನಲ್ಲೇ ಒಂದು ಅಂಕ.
ಮಂಚ ತಳ್ಳುತ್ತ ಐಸಿಯು ಕಡೆ ಓಡಿದೆವು,
ಒಂದು ಗಾಲಿ ಎಡಕ್ಕೇ ಎಳೆಯುತ್ತಿತ್ತು.
ಚಪ್ಪಲಿ ಕೈಯಲ್ಲಿ ಹಿಡಿದು ಹಿಂದೆ ಅವಳು:
"ಸುಂಕಮ್ಮ ಅಂದ್ರೂ ಓಗೊಡತೀನಿ, ಕರೀಲಿ ಬಿಡ್ರಿ."

ಒಂಬತ್ತು ದಿನ.
ಅಷ್ಟನ್ನು ಬರೆಯುವುದಿಲ್ಲ, ಕೇಸ್ ಶೀಟಿನಲ್ಲಿದೆ.

ಹತ್ತನೇ ದಿನ ಮೂಗಿನ ನಳಿಗೆ ತೆಗೆದು
ಚಮಚದಲ್ಲಿ ಗಂಜಿ ಕೊಟ್ಟಾಗ, ಉಪ್ಪಿಲ್ಲ ಅಂದ.
ಉಪ್ಪಿನ ನೆನಪಿದ್ದರೆ ಬುದ್ಧಿ ಬಂದಿರಬೇಕು.
ಕೇಳಿಯೇಬಿಟ್ಟೆ: ಯಾವ ಯುದ್ಧದಾಗ ಹುಟ್ಟಿದ್ದಪ್ಪಾ?
ಹೊಟ್ಟೆ ಹಿಡಿದುಕೊಂಡು ನಕ್ಕ, ನೋವಿಗೆ ನಿಲ್ಲಿಸಿದ, ಮತ್ತೆ ನಕ್ಕ.
"ಎಲ್ಲೀ ಯುದ್ಧ ಸಿಸ್ಟರ್, ನಮ್ಮಪ್ಪಂದೂ ನಮ್ಮಜ್ಜಿದೂ,
ಒಂದು ಎಮ್ಮಿ ಸಲುವಾಗಿ."

ಪೆನ್ಸಿಲಿನ ಅಂಕ ಇನ್ನೂ ಹಾಗೇ ಇದೆ.
ಕಲ್ಲೂ ಇದೆ, ಕೋಶದಲ್ಲೇ. ಸುತ್ತಲ ಊತ ಇಳಿಯಲಿ,
ಚೀಲ ಸಮೇತ ತೆಗೀತೀವಿ ಅಂದಿದ್ದಾರೆ ಸರ್ಜನ್ನು.
ಹೊಲಿಗೆ ಎಷ್ಟು ಬೀಳತಾವ, ಅಂತ ಕೇಳುತ್ತಿದ್ದಾನೆ
ಗಾದಿಲಿಂಗಪ್ಪ.